ನಾಗರಕಲ್ಲು ಮತ್ತು ಕಾಯುವ ಕಾಲ: ಗರ್ಭ ನಷ್ಟವಾದ ಬಳಿಕ ಮರಳಿ ಗರ್ಭ ಧರಿಸುವ ವಿಚಾರ

ಬೆಂಗಳೂರಿನ ಉತ್ತರ ಭಾಗದಲ್ಲಿ, ಜಾಲಹಳ್ಳಿಗೂ ಚಿಕ್ಕಬಾಣಾವರಕ್ಕೂ ಸಮೀಪದಲ್ಲಿರುವ ಅಬ್ಬಿಗೆರೆಯು, ಹೆಸರಿನ ಉತ್ತರಾರ್ಧವೇ ಸಾರುವಂತೆ, ಕೆರೆಯನ್ನು ಆಶ್ರಯಿಸಿ ಬೆಳೆದ ಊರು. ಇಂದು ಅದು ಮಹಾನಗರದಲ್ಲಿ ಸೇರಿಹೋಗಿದೆ. ಪೀಣ್ಯದ ಯಂತ್ರಶಾಲೆಗಳಿಗೂ ಸಿದ್ಧ ಉಡುಪಿನ ಕಾರ್ಖಾನೆಗಳಿಗೂ ದುಡಿಯಲು ಹೋಗುವ ಕುಟುಂಬಗಳು ಅಲ್ಲಿ ಮನೆಮಾಡಿಕೊಂಡಿವೆ. ಆದರೂ ಈ ಪ್ರಾಂತದ ಹಳೆಯ ಊರುಗಳಲ್ಲಿ ನಡೆದುಹೋಗುವವರಿಗೆ ದಾರಿಯ ತಿರುವಿನಲ್ಲಿಯೋ ಗುಡಿಯ ಮಗ್ಗುಲಿನಲ್ಲಿಯೋ ಒಂದು ಅರಳಿಕಟ್ಟೆಯೂ, ಅದರ ಮೇಲೆ ಸಾಲಾಗಿ ನಿಲ್ಲಿಸಿದ ನಾಗರಕಲ್ಲುಗಳೂ, ಅವುಗಳ ಹೆಡೆಯ ಮೇಲೆ ಅರಿಸಿನ ಕುಂಕುಮಗಳ ಹೊಸ ಗುರುತುಗಳೂ ಇಂದಿಗೂ ಕಾಣಸಿಗುತ್ತವೆ. ಈ ಕಲ್ಲುಗಳನ್ನು ನಿಲ್ಲಿಸಿದವರು ಯಾರು, ಏತಕ್ಕಾಗಿ ಎಂದು ಕೇಳಿದರೆ ದೊರೆಯುವ ಉತ್ತರ ಎಲ್ಲೆಡೆಯೂ ಒಂದೇ: ಸಂತಾನಾಪೇಕ್ಷೆಯಿಂದ.

ಈ ಉತ್ತರವು ಸರಿಯಾದುದೇ, ಆದರೆ ಸಾಲದು. ಸಂತಾನವಿಲ್ಲವೆಂಬ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ಅವಸ್ಥೆಗಳು ಅಡಗಿವೆ. ಗರ್ಭವೇ ನಿಲ್ಲದಿರುವುದು ಒಂದು. ನಿಂತ ಗರ್ಭವು ಕಳೆದುಹೋಗುವುದು ಮತ್ತೊಂದು. ಮೊದಲನೆಯದನ್ನು ಕುರಿತು ನಮ್ಮ ಕಥೆ, ಪುರಾಣ, ವ್ರತಗ್ರಂಥಗಳು ಧಾರಾಳವಾಗಿ ಮಾತನಾಡುತ್ತವೆ. ಎರಡನೆಯದನ್ನು ಕುರಿತು ಬಹುಮಟ್ಟಿಗೆ ಮೌನ. ಹೀಗೆ ಒಮ್ಮೆ ಕಳೆದುಕೊಂಡವರು ಮರಳಿ ಗರ್ಭವನ್ನು ಬಯಸುವಾಗ ಅವರ ಮುಂದೆ ನಿಲ್ಲುವ ಪ್ರಶ್ನೆಗಳಾವುವು, ಅವುಗಳಿಗೆ ನಮ್ಮ ಆಚಾರವು ಏನು ಹೇಳಿತು, ಇಂದಿನ ವೈದ್ಯಶಾಸ್ತ್ರವು ಏನು ಹೇಳುತ್ತದೆ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ನಾವು ವೈದ್ಯರಲ್ಲ, ಇತಿಹಾಸದ ಅಧ್ಯಾಪಕರು. ಆದಕಾರಣ ಆಧಾರಗಳನ್ನು ತೂಗಿ ನೋಡುವ ನಮ್ಮ ಕಸಬಿನ ಕ್ರಮದಿಂದಲೇ ಈ ವಿಷಯವನ್ನು ಸಮೀಪಿಸಿದ್ದೇವೆ.

ಬೆಂಗಳೂರಿನ ನಾಗರಕಲ್ಲುಗಳನ್ನು ಕುರಿತು ಮುದ್ರಿತವಾದ ಹಳೆಯ ಬರಹಗಳಲ್ಲೊಂದು ೧೮೭೫ರ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿದೆ. ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದ ಜೆ. ಎಸ್. ಎಫ್. ಮೆಕೆಂಜಿಯವರು ಬೆಂಗಳೂರಿನ ಪೇಟೆ ಮತ್ತು ಲಾಲ್‌ಬಾಗಿನ ಕಡೆ ಅರಳಿಮರದ ಕೆಳಗೆ ತಾವು ಕಂಡ ಇಂಥ ಕಲ್ಲುಗಳನ್ನು ಅದರಲ್ಲಿ ವರ್ಣಿಸಿದ್ದಾರೆ. ಈ ಆಚಾರದ ಕ್ರಮವು ಸ್ಥೂಲವಾಗಿ ಹೀಗಿದೆ. ದಂಪತಿಗಳು ಹರಕೆ ಹೊರುತ್ತಾರೆ. ಹೆಣೆದುಕೊಂಡ ಜೋಡಿ ಸರ್ಪವನ್ನೋ ಹೆಡೆಯೆತ್ತಿದ ಒಂಟಿ ಸರ್ಪವನ್ನೋ ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಆ ಕಲ್ಲನ್ನು ಬಾವಿಯಲ್ಲಿ ಅಥವಾ ಕೆರೆಯಲ್ಲಿ ಕೆಲವು ಕಾಲ ಮುಳುಗಿಸಿಡಲಾಗುವುದು. ಬಳಿಕ ಅದನ್ನು ಹೊರತೆಗೆದು, ಮಂತ್ರಪೂರ್ವಕವಾಗಿ ಪ್ರಾಣಪ್ರತಿಷ್ಠೆ ಮಾಡಿ, ಬೇವಿನೊಡನೆ ಮದುವೆ ಮಾಡಿಸಿದ ಅರಳಿಮರದ ಬುಡದಲ್ಲಿ ನಿಲ್ಲಿಸುತ್ತಾರೆ. ಮುಂದೆ ಹೆಂಗಸು ಆ ಕಟ್ಟೆಗೆ ನಿಯಮದಿಂದ ಪ್ರದಕ್ಷಿಣೆ ಬರುತ್ತಾಳೆ. ನೀರಿನಲ್ಲಿಡುವ ಅವಧಿ ಎಲ್ಲೆಡೆಯೂ ಒಂದೇ ಅಲ್ಲ. ಹಳೆಯ ಬರಹಗಳಲ್ಲಿ ಆರು ತಿಂಗಳೆಂಬ ಮಾತು ಬರುತ್ತದೆ, ಇಂದು ಕೆಲವೇ ದಿನಗಳಿಗೆ ಅದು ಇಳಿದಿರುವುದೂ ಉಂಟು.

ಅಬ್ಬಿಗೆರೆ, ಯಲಹಂಕಗಳ ಕಡೆಯವರಿಗೆ ಈ ಹರಕೆಯ ದೊಡ್ಡ ಕ್ಷೇತ್ರವೆಂದರೆ ದೊಡ್ಡಬಳ್ಳಾಪುರದ ಆಚೆಗಿರುವ ಘಾಟಿ ಸುಬ್ರಹ್ಮಣ್ಯ. ಅಲ್ಲಿ ಸುಬ್ರಹ್ಮಣ್ಯನೂ ನರಸಿಂಹನೂ ಒಂದೇ ಶಿಲೆಯಲ್ಲಿ ಪೂರ್ವ ಪಶ್ಚಿಮಗಳಿಗೆ ಮುಖಮಾಡಿದ್ದು, ಹಿಂಬದಿಯ ನರಸಿಂಹನನ್ನು ಕನ್ನಡಿಯಲ್ಲಿ ದರ್ಶಿಸುವುದು ಸಂಪ್ರದಾಯ. ಗುಡಿಯ ಆವರಣದಲ್ಲಿ ಭಕ್ತರು ನಿಲ್ಲಿಸಿದ ನಾಗರಕಲ್ಲುಗಳ ರಾಶಿಯೇ ಇದೆ. ರಥೋತ್ಸವದ ಕಾಲದಲ್ಲಿ ಕೂಡುವ ಅಲ್ಲಿಯ ದನಗಳ ಜಾತ್ರೆಯೂ ಹೆಸರಾದುದು.

ದನಗಳ ಮಾತು ಬಂದುದರಿಂದ ಭಾಷೆಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಹಸುವಿನ ಗರ್ಭ ಇಳಿದುಹೋದರೆ ನಮ್ಮ ರೈತನು ‘ಕಂದು ಹಾಕಿತು’ ಎನ್ನುತ್ತಾನೆ. ಮಾತು ಸ್ಪಷ್ಟ, ಕೇಳಲು ಸಂಕೋಚವಿಲ್ಲ, ಹೇಳಲು ಸಂಕೋಚವಿಲ್ಲ. ಹಸುವನ್ನು ಕೊಳ್ಳುವವನು ಅದನ್ನು ಕೇಳಿ ತಿಳಿದೇ ವ್ಯಾಪಾರ ಕುದುರಿಸುತ್ತಾನೆ. ಅದೇ ನಷ್ಟವು ಮನೆಯ ಸೊಸೆಗೆ ಸಂಭವಿಸಿದರೆ ಮಾತು ಮರೆಗೆ ಸರಿಯುತ್ತದೆ: ‘ನಿಲ್ಲಲಿಲ್ಲ’, ‘ಇಳಿದುಹೋಯಿತು’, ‘ಹೋಯಿತು’. ಏನು ಹೋಯಿತು ಎಂಬ ಕರ್ತೃಪದವೇ ವಾಕ್ಯದಲ್ಲಿ ಇರುವುದಿಲ್ಲ. ನಗರದಲ್ಲಿ ಈಗ ‘ಅಬಾರ್ಷನ್ ಆಯಿತು’ ಎಂಬ ಮಾತು ಬಳಕೆಗೆ ಬಂದಿದೆ. ಇದು ಇನ್ನೊಂದು ತೊಡಕನ್ನು ತಂದಿದೆ. ತಾನಾಗಿ ಸಂಭವಿಸಿದ ನಷ್ಟವೂ ಬೇಕೆಂದು ಮಾಡಿಸಿಕೊಂಡ ಗರ್ಭಪಾತವೂ ಈ ಒಂದೇ ಶಬ್ದದಲ್ಲಿ ಬೆರೆತುಹೋಗುತ್ತವೆ. ಈ ಬೆರಕೆಯಿಂದ ಹಳ್ಳಿಯ ಹೆಣ್ಣುಮಗಳಿಗೆ ಮಾತ್ರವಲ್ಲ, ವಿಶ್ವಮಟ್ಟದ ತಜ್ಞರಿಗೂ ತೊಂದರೆಯಾದುದನ್ನು ಮುಂದೆ ಕಾಣಲಿದ್ದೇವೆ.

ಪ್ರಾಚೀನರು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿದ್ದರು. ನಾಲ್ಕನೆಯ ತಿಂಗಳವರೆಗಿನ ನಷ್ಟವು ‘ಸ್ರಾವ’. ಐದು ಆರನೆಯ ತಿಂಗಳುಗಳಲ್ಲಿ, ಶರೀರವು ಗಟ್ಟಿಗೊಂಡ ಮೇಲೆ ಆಗುವುದು ‘ಪಾತ’ ಎಂದು ಸುಶ್ರುತಸಂಹಿತೆ ವಿಂಗಡಿಸುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯವು ಗರ್ಭಸ್ರಾವವಾದವಳಿಗೆ ಗರ್ಭದ ತಿಂಗಳುಗಳೆಷ್ಟೋ ಅಷ್ಟು ರಾತ್ರಿಗಳ ಅಶೌಚವನ್ನು ವಿಧಿಸುತ್ತದೆ. ಅಶೌಚವೆಂಬುದು ಗೌರವದ ಮಾತಲ್ಲವೆಂಬುದು ನಿಜ. ಆದರೆ ಮೂರು ತಿಂಗಳ ಗರ್ಭಕ್ಕೆ ಮೂರು ರಾತ್ರಿ ಎಂದು ಎಣಿಸುವವನು, ಅಲ್ಲಿ ಏನೋ ಇದ್ದಿತು, ಅದು ಇಲ್ಲವಾಯಿತು ಎಂಬುದನ್ನಾದರೂ ಒಪ್ಪುತ್ತಾನೆ. ಇಂದಿನ ಮನೆಗಳಲ್ಲಿ ಆ ಎಣಿಕೆಯೂ ಬಿಟ್ಟುಹೋಗಿದೆ. ಮೂರು ತಿಂಗಳು ತುಂಬುವವರೆಗೆ ಗರ್ಭದ ಸುದ್ದಿಯನ್ನು ಹೊರಗೆ ಹೇಳಬಾರದೆಂಬ ಪದ್ಧತಿ ಒಂದು ಕಡೆ. ಹಸಿರು ಬಳೆ ತೊಡಿಸಿ ಮಡಿಲು ತುಂಬುವ ಶಾಸ್ತ್ರಗಳು ಐದು ಅಥವಾ ಏಳನೆಯ ತಿಂಗಳಿಗೆ ಬರುವುದು ಇನ್ನೊಂದು ಕಡೆ. ಹೀಗಿರಲು ಮೊದಲ ಮೂರು ತಿಂಗಳಲ್ಲಿ ಕಳೆದುಹೋದ ಗರ್ಭಕ್ಕೆ ಬಂದುದರ ಸಂಭ್ರಮವೂ ಇಲ್ಲ, ಹೋದುದರ ಕರ್ಮವೂ ಇಲ್ಲ. ನಷ್ಟಗಳಲ್ಲಿ ಬಹುಪಾಲು ಸಂಭವಿಸುವುದು ಆ ಅವಧಿಯಲ್ಲಿಯೇ.

ಆದರೆ ಪ್ರಾಚೀನರನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಕಾಶ್ಯಪಸಂಹಿತೆಯ ರೇವತೀಕಲ್ಪದಲ್ಲಿ ಜಾತಹಾರಿಣಿಯೆಂಬ ದುಷ್ಟಶಕ್ತಿಯ ವಿಸ್ತಾರವಾದ ವರ್ಣನೆಯಿದೆ. ಗರ್ಭವನ್ನೂ ಹುಟ್ಟಿದ ಶಿಶುವನ್ನೂ ಒಯ್ಯುವವಳು ಅವಳು. ಅವಳು ಯಾರನ್ನು ಹಿಡಿಯುತ್ತಾಳೆಂದು ಕೇಳಿದರೆ, ಆಚಾರಗೆಟ್ಟ ಹೆಂಗಸನ್ನು ಎಂಬ ಉತ್ತರ ಬರುತ್ತದೆ. ದೋಷವನ್ನು ಹೆಣ್ಣಿನ ನಡತೆಯಲ್ಲಿ ಹುಡುಕುವ ಈ ಪ್ರವೃತ್ತಿಯೇ ಇಂದು ಪರಂಗಿಹಣ್ಣು ತಿಂದೆಯಾ, ಸ್ಕೂಟರಿನ ಮೇಲೆ ಹೋದೆಯಾ, ಭಾರ ಎತ್ತಿದೆಯಾ ಎಂಬ ಪ್ರಶ್ನೆಗಳ ರೂಪದಲ್ಲಿ ಉಳಿದುಬಂದಿದೆ. ಇದಕ್ಕೆ ಹೋಲಿಸಿದರೆ ನಾಗದೋಷದ ಕಲ್ಪನೆಯು ಮೃದುವಾದುದೆಂದೇ ನಮ್ಮ ಅಭಿಪ್ರಾಯ. ಯಾವುದೋ ಜನ್ಮದಲ್ಲಿ, ವಂಶದಲ್ಲಿ ಯಾರೋ ಸರ್ಪಕ್ಕೆ ಕೇಡು ಬಗೆದರು. ಅದರ ಫಲ ಇದು ಎಂದರೆ ಹೊರೆಯು ಒಬ್ಬಳ ತಲೆಯಿಂದ ಇಳಿದು ಇಡೀ ಮನೆತನದ ಮೇಲೆ ಹಂಚಿಹೋಗುತ್ತದೆ. ಪ್ರತಿಷ್ಠೆಯ ಸಂಕಲ್ಪಕ್ಕೆ ಗಂಡನೂ ಪಕ್ಕದಲ್ಲಿ ಕುಳಿತುಕೊಳ್ಳಲೇಬೇಕು. ಕಾರಣವು ಸುಳ್ಳಾದರೂ ಏರ್ಪಾಡಿನಲ್ಲಿ ಒಂದು ನ್ಯಾಯವಿದ್ದಿತು.

ಇತಿಹಾಸದ ಆಧಾರಗಳಲ್ಲಿ ಈ ನಷ್ಟವನ್ನು ಹುಡುಕಹೊರಟವನಿಗೆ ದೊರೆಯುವುದು ಅತ್ಯಲ್ಪ. ಇದೇ ಉತ್ತರ ಬೆಂಗಳೂರಿನ ಹೆಬ್ಬಾಳದಲ್ಲಿ ದೊರೆತ, ಸುಮಾರು ಕ್ರಿ. ಶ. ೭೫೦ರದೆಂದು ನಿರ್ಣಯಿಸಲಾದ ವೀರಗಲ್ಲು ಹೋರಾಡಿ ಮಡಿದ ಕಿತ್ತಯ್ಯನ ಹೆಸರನ್ನು ಇಂದಿಗೂ ಹೇಳುತ್ತದೆ. ನಾಗರಕಲ್ಲಿನ ಮೇಲಾದರೋ ಸಾಮಾನ್ಯವಾಗಿ ಅಕ್ಷರವೇ ಇರುವುದಿಲ್ಲ. ಅರಮನೆಯ ಇತಿಹಾಸದಲ್ಲಿಯೂ ಹೀಗೆಯೇ. ಅಲಮೇಲಮ್ಮನ ಶಾಪದ ಕಥೆಯನ್ನು ತಿಳಿಯದವರಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೫ರಲ್ಲಿ ದತ್ತು ಸ್ವೀಕರಿಸಿದುದೂ, ಅದಕ್ಕೆ ಬ್ರಿಟಿಷರ ಮನ್ನಣೆ ೧೮೬೭ರಲ್ಲಿ ದೊರೆತುದೂ ದಾಖಲೆಯಾಗಿವೆ. ದೊರೆಗೆ ಉತ್ತರಾಧಿಕಾರಿಯಿಲ್ಲವೆಂಬುದು ರಾಜಕೀಯ. ಅಂತಃಪುರದಲ್ಲಿ ಯಾವ ಗರ್ಭ ಯಾವ ತಿಂಗಳಲ್ಲಿ ಕಳೆಯಿತೆಂಬುದು ರಾಜಕೀಯವಲ್ಲ. ಆಸ್ಪತ್ರೆಗಳು ಬಂದ ಮೇಲೆ ಸ್ಥಿತಿ ಸ್ವಲ್ಪ ಬದಲಾಯಿತು. ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ೧೯೩೫ರಲ್ಲಿ ಪ್ರಾರಂಭವಾಯಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ೧೯೩೪ರಿಂದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿತು. ಆ ಕಡತಗಳನ್ನು ಹಿಡಿದು ಸಂಶೋಧಕರು ಅರ್ಧ ಶತಮಾನದ ತರುವಾಯ ಆ ಮಕ್ಕಳನ್ನು ವಯಸ್ಕರಾಗಿ ಹುಡುಕಿ ಹೃದ್ರೋಗ, ಮಧುಮೇಹಗಳ ಮೂಲವನ್ನು ಅಭ್ಯಸಿಸಿದರು. ಜಗತ್ತಿನ ಗಮನ ಸೆಳೆದ ಕೆಲಸ ಅದು. ಆದರೆ ಇಂಥ ಅಧ್ಯಯನವು ಪ್ರಾರಂಭವಾಗುವುದೇ ಹುಟ್ಟಿದ ಮಗುವಿನಿಂದ. ೧೯೬೯ರ ಜನನ ಮರಣ ನೋಂದಣಿ ಕಾಯಿದೆಯೂ ಗರ್ಭದ ಕೊನೆಯ ತಿಂಗಳುಗಳಲ್ಲಿ ನಿರ್ಜೀವವಾಗಿ ಹುಟ್ಟಿದ ಶಿಶುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಯೇ ಹೊರತು ಅದಕ್ಕೆ ಮುಂಚಿನದನ್ನಲ್ಲ.

ಇನ್ನು ವೈದ್ಯಶಾಸ್ತ್ರದ ಮಾತು. ತಿಳಿದುಬಂದ ಗರ್ಭಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ತಾವಾಗಿ ನಷ್ಟವಾಗುತ್ತವೆಂದು ಸಾಮಾನ್ಯವಾಗಿ ಅಂಗೀಕೃತವಾಗಿದೆ. ಮೊದಲ ಮೂರು ತಿಂಗಳ ನಷ್ಟಗಳಲ್ಲಿ ಅರ್ಧದಷ್ಟಕ್ಕೆ, ಅಥವಾ ಅದಕ್ಕೂ ಹೆಚ್ಚಿನವಕ್ಕೆ, ಭ್ರೂಣದ ವರ್ಣತಂತುಗಳ ಸಂಖ್ಯೆಯಲ್ಲಿನ ದೋಷವೇ ಕಾರಣ. ಮನುಷ್ಯನ ಜೀವಕೋಶದಲ್ಲಿ ನಲವತ್ತಾರು ವರ್ಣತಂತುಗಳಿರಬೇಕು. ಅಂಡವೋ ವೀರ್ಯಾಣುವೋ ರೂಪುಗೊಳ್ಳುವಾಗ ಹಂಚಿಕೆ ತಪ್ಪಿ ಒಂದು ಹೆಚ್ಚಾದರೆ ಅಥವಾ ಕಡಿಮೆಯಾದರೆ ಆ ಭ್ರೂಣವು ಬಹುತೇಕ ಮುಂದೆ ಬೆಳೆಯಲಾರದು. ಈ ತಪ್ಪು ಆಕಸ್ಮಿಕ. ತಾಯಿಯ ವಯಸ್ಸು ಹೆಚ್ಚಿದಂತೆ, ವಿಶೇಷವಾಗಿ ಮೂವತ್ತೈದರ ಮೇಲೆ, ಅದರ ಸಂಭವವೂ ಹೆಚ್ಚುತ್ತದೆ. ಗರ್ಭಧಾರಣೆಯ ಹೊತ್ತಿಗೇ ನಿರ್ಧಾರವಾಗಿಹೋದ ಈ ದೋಷವನ್ನು ಆ ಬಳಿಕ ತಿಂದ ಒಂದು ಹೋಳು ಹಣ್ಣಾಗಲಿ ಹತ್ತಿದ ನಾಲ್ಕು ಮೆಟ್ಟಿಲಾಗಲಿ ಉಂಟುಮಾಡಲಾರವು. ಹಾಸಿಗೆಯಿಂದ ಏಳದೆ ಮಲಗಿದ್ದರೆ ಗರ್ಭ ನಿಲ್ಲುತ್ತದೆಂಬ ಸಲಹೆಗೂ ಆಧಾರ ದೊರೆತಿಲ್ಲ. ಒಮ್ಮೆ ನಷ್ಟವಾದವರಲ್ಲಿ ಬಹುಪಾಲಿನವರಿಗೆ ಮುಂದಿನ ಗರ್ಭವು ನೆಟ್ಟಗೆ ನಿಲ್ಲುತ್ತದೆ. ಈ ಒಂದು ಮಾತನ್ನು ವೈದ್ಯರು ಆಸ್ಪತ್ರೆಯಿಂದ ಕಳುಹಿಸಿಕೊಡುವಾಗಲೇ ಬಿಡಿಸಿ ಹೇಳಿದರೆ ಎಷ್ಟೋ ಮನೆಗಳ ಒಳಜಗಳ ತಪ್ಪುತ್ತದೆ.

ಹಾಗಾದರೆ ಮರಳಿ ಯಾವಾಗ? ಮನೆಯ ಹಿರಿಯರು ಒಂದು ಹೇಳುತ್ತಾರೆ, ನೆರೆಯವರು ಒಂದು, ವೈದ್ಯರು ಒಬ್ಬೊಬ್ಬರು ಒಂದೊಂದು. ಮೂರು ಮುಟ್ಟು ಕಳೆಯಲಿ ಎಂಬುದು ಒಂದು ಮತ. ಆರು ತಿಂಗಳು ಎಂಬುದು ಇನ್ನೊಂದು. ಆರು ತಿಂಗಳ ಮಾತಿಗೆ ಮುಖ್ಯ ಆಧಾರ ವಿಶ್ವ ಆರೋಗ್ಯ ಸಂಸ್ಥೆಯು ೨೦೦೫ರಲ್ಲಿ ಕೂಡಿಸಿದ ತಜ್ಞರ ಸಮಾಲೋಚನೆ. ಗರ್ಭ ನಷ್ಟ ಅಥವಾ ಗರ್ಭಪಾತದ ಬಳಿಕ ಕನಿಷ್ಠ ಆರು ತಿಂಗಳು ಅಂತರವಿರಲಿ ಎಂದು ಅಲ್ಲಿ ಶಿಫಾರಸಾಯಿತು. ಅದಕ್ಕೆ ಆಧಾರವಾಗಿದ್ದುದು ಲ್ಯಾಟಿನ್ ಅಮೆರಿಕದ ೨,೫೮,೧೦೮ ಹೆಂಗಸರ ಹೆರಿಗೆಯ ದಾಖಲೆಗಳ ಒಂದು ಅಧ್ಯಯನ. ಸಂಖ್ಯೆ ದೊಡ್ಡದು, ಆದರೆ ಆಧಾರವನ್ನು ಅದರ ಗಾತ್ರದಿಂದಲ್ಲದೆ ಗುಣದಿಂದ ಅಳೆಯಬೇಕಾದುದು ಇತಿಹಾಸಕಾರನ ಮೊದಲ ಪಾಠ. ಆ ದಾಖಲೆಗಳಲ್ಲಿ ತಾನಾಗಿ ಆದ ನಷ್ಟವನ್ನೂ ಮಾಡಿಸಿಕೊಂಡ ಗರ್ಭಪಾತವನ್ನೂ ಬೇರ್ಪಡಿಸಿರಲಿಲ್ಲ. ಅಸುರಕ್ಷಿತವಾಗಿ ನಡೆದಿರಬಹುದಾದ ಗರ್ಭಪಾತದಿಂದ ಸೋಂಕು ತಗಲಿದವಳೂ, ಎಂಟನೆಯ ವಾರದಲ್ಲಿ ಸಹಜವಾಗಿ ಕಳೆದುಕೊಂಡು ಆರೋಗ್ಯವಾಗಿದ್ದವಳೂ ಒಂದೇ ಪಟ್ಟಿಯಲ್ಲಿ ಸೇರಿದ್ದರು. ಒಂದು ಶಬ್ದದ ಬೆರಕೆಯಿಂದ ಬಂದ ಕಷ್ಟವೆಂದು ಮೊದಲೇ ಸೂಚಿಸಿದ್ದು ಇದನ್ನೇ.

ಮುಂದಿನ ಅಧ್ಯಯನಗಳು ಈ ಪಟ್ಟಿಯನ್ನು ಬಿಡಿಸಿ ನೋಡಿದವು. ಸ್ಕಾಟ್ಲೆಂಡಿನಲ್ಲಿ ಮೊದಲ ಗರ್ಭವು ತಾನಾಗಿ ನಷ್ಟವಾಗಿ, ಅನಂತರ ಮತ್ತೆ ಗರ್ಭ ಧರಿಸಿದ ೩೦,೯೩೭ ಹೆಂಗಸರ ದಾಖಲೆಗಳನ್ನು ಪರಿಶೀಲಿಸಿ ೨೦೧೦ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಆರು ತಿಂಗಳೊಳಗೆ ಗರ್ಭ ಧರಿಸಿದವರಲ್ಲಿ ಮತ್ತೆ ನಷ್ಟವಾದುದು, ಆರರಿಂದ ಹನ್ನೆರಡು ತಿಂಗಳ ನಡುವೆ ಧರಿಸಿದವರಿಗಿಂತ ಕಡಿಮೆ. ಅಮೆರಿಕದಲ್ಲಿ ನಡೆದು ೨೦೧೬ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ತಿಂಗಳೊಳಗೆ ಪ್ರಯತ್ನಕ್ಕೆ ತೊಡಗಿದ ದಂಪತಿಗಳಿಗೆ ಕಾದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಮಕ್ಕಳಾದವು. ನಾರ್ವೆಯ ೨೦೨೨ರ ಅಧ್ಯಯನವೂ ಬೇಗನೆ ಗರ್ಭ ಧರಿಸುವುದರಿಂದ ವಿಶೇಷ ಅಪಾಯವನ್ನು ಕಾಣಲಿಲ್ಲ. ಬೇಗ ಗರ್ಭ ಧರಿಸುವವರು ಸ್ವಭಾವತಃ ಆರೋಗ್ಯವಂತರಿರಬಹುದು. ಫಲವು ಅಂತರದ್ದಲ್ಲ, ಅವರದೇ ಎಂದು ವಾದಿಸಲು ಎಡೆಯಿದೆ. ಅದನ್ನು ಒಪ್ಪಿದರೂ, ಎಲ್ಲರೂ ಆರು ತಿಂಗಳು ಕಾಯಲೇಬೇಕೆಂಬ ಕಟ್ಟಳೆ ನಿಲ್ಲುವುದಿಲ್ಲ. ಮೂವತ್ತೆಂಟು ವಯಸ್ಸಿನವಳಿಗೆ ಆರು ತಿಂಗಳು ಅಲ್ಪ ಕಾಲವಲ್ಲ.

ದೇಹವೂ ಅಷ್ಟು ಕಾಯುವುದಿಲ್ಲ. ಆರಂಭದ ನಷ್ಟವಾದ ಎರಡು ವಾರಗಳಲ್ಲಿಯೇ ಅಂಡವು ಮತ್ತೆ ಬಿಡುಗಡೆಯಾಗಬಹುದು. ಮುಟ್ಟು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಬರುತ್ತದೆ. ರಕ್ತಸ್ರಾವ ನಿಂತು, ಜ್ವರ ನೋವುಗಳಿಲ್ಲದೆ ಮೈ ಮನಸ್ಸುಗಳು ಒಪ್ಪಿದರೆ ದಂಪತಿಗಳು ಮತ್ತೆ ಪ್ರಯತ್ನಿಸಲು ಅಡ್ಡಿಯಿಲ್ಲವೆಂಬುದು ಇಂದಿನ ಬಹುಮಂದಿ ತಜ್ಞರ ನಿಲುವು. ಒಂದು ಮುಟ್ಟು ಕಳೆದರೆ ಮುಂದಿನ ಗರ್ಭದ ದಿನ ಎಣಿಸಲು ಅನುಕೂಲ, ಅಷ್ಟೆ.

ಕಾಯಲೇಬೇಕಾದವರೂ ಇದ್ದಾರೆ. ದ್ರಾಕ್ಷಿಗೊಂಚಲಿನಂತೆ ಬೆಳೆಯುವ ಮುತ್ತುಗರ್ಭವಾಗಿದ್ದವರು ರಕ್ತದಲ್ಲಿನ ಗರ್ಭಸೂಚಕ ಚೋದಕವು ಸಂಪೂರ್ಣ ಇಳಿದು, ವೈದ್ಯರು ಒಪ್ಪುವವರೆಗೆ ಕಾಯಬೇಕು. ಗರ್ಭನಾಳದಲ್ಲಿ ನಿಂತ ಗರ್ಭಕ್ಕೆ ಮೆಥೊಟ್ರೆಕ್ಸೇಟ್ ಔಷಧ ಪಡೆದವರಿಗೂ ಕೆಲವು ತಿಂಗಳುಗಳ ಅಂತರ ಅಗತ್ಯ. ಸೋಂಕು ತಗಲಿದವರು, ಹೆಚ್ಚು ರಕ್ತ ಕಳೆದುಕೊಂಡವರು ಮೊದಲು ಚೇತರಿಸಿಕೊಳ್ಳಬೇಕು. ನಮ್ಮ ನಾಡಿನಲ್ಲಿ ಈ ಕೊನೆಯ ಮಾತಿಗೆ ವಿಶೇಷ ತೂಕವಿದೆ: ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದ ಹೆಂಗಸರಲ್ಲಿ ಅರ್ಧದ ಸಮೀಪದಷ್ಟು ಮಂದಿಗೆ ರಕ್ತಹೀನತೆಯನ್ನು ಕಂಡಿತು. ಸ್ಕಾಟ್ಲೆಂಡಿನ ದಾಖಲೆಯನ್ನು ಪೀಣ್ಯದ ಹೊಲಿಗೆ ಯಂತ್ರದ ಮುಂದೆ ಕುಳಿತವಳಿಗೆ ಅನ್ವಯಿಸುವಾಗ ಇದನ್ನು ಮರೆಯಬಾರದು. ರಕ್ತದ ಪರೀಕ್ಷೆ ಮಾಡಿಸಿ, ಕಬ್ಬಿಣಾಂಶ ಕಡಿಮೆಯಿದ್ದರೆ ತುಂಬಿಕೊಂಡು, ಗರ್ಭ ನಿಲ್ಲುವ ಮುನ್ನವೇ ದಿನಕ್ಕೆ ೪೦೦ ಮೈಕ್ರೊಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಲಾರಂಭಿಸುವುದು ಯಾವ ಅಂತರಕ್ಕಿಂತಲೂ ಹೆಚ್ಚು ಪ್ರಯೋಜನಕರ. ಹೆಂಡತಿಯ ರಕ್ತದ ಗುಂಪು ಆರ್‌ಎಚ್ ಋಣವಾಗಿದ್ದರೆ, ನಷ್ಟವಾದ ೭೨ ಗಂಟೆಗಳೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ಕೇಳುವುದನ್ನು ಬಿಡಕೂಡದು.

ಎರಡು ಮೂರು ಬಾರಿ ನಷ್ಟವಾದಾಗ ಮಾತು ಬೇರೆ. ಅಂಥ ದಂಪತಿಗಳು ನೂರಕ್ಕೆ ಒಬ್ಬಿಬ್ಬರು. ಯೂರೋಪಿನ ತಜ್ಞರ ಸಂಘವು ೨೦೧೭ರ ತನ್ನ ಮಾರ್ಗಸೂಚಿಯಲ್ಲಿ ಎರಡು ನಷ್ಟಗಳ ಬಳಿಕವೇ ಪರೀಕ್ಷೆಗೆ ತೊಡಗಬಹುದೆಂದಿತು. ಫಾಸ್ಫೊಲಿಪಿಡ್ ವಿರುದ್ಧದ ಪ್ರತಿಕಾಯಗಳಿಂದ ರಕ್ತ ಹೆಪ್ಪುಗಟ್ಟುವ ತೊಂದರೆ, ಥೈರಾಯ್ಡಿನ ಕೊರತೆ, ಗರ್ಭಕೋಶದೊಳಗಿನ ಅಡ್ಡತೆರೆ, ದಂಪತಿಗಳಲ್ಲಿ ಯಾರಾದರೊಬ್ಬರ ವರ್ಣತಂತುಗಳ ಸ್ಥಾನಪಲ್ಲಟ, ಇವು ಹುಡುಕಬೇಕಾದ ಕಾರಣಗಳು. ಮೊದಲನೆಯದಕ್ಕೆ ಆಸ್ಪಿರಿನ್ ಮತ್ತು ಹೆಪಾರಿನ್ ಚಿಕಿತ್ಸೆಯಿದೆ. ಕಡೆಯ ಕಾರಣಕ್ಕಾಗಿ ಗಂಡನ ರಕ್ತವನ್ನೂ ಪರೀಕ್ಷಿಸಬೇಕು ಎಂಬುದನ್ನು ವಾಚಕರು ಗಮನಿಸಬೇಕು. ಸಂಕಲ್ಪದಲ್ಲಿ ಜೊತೆಗೆ ಕುಳಿತವನು ಪ್ರಯೋಗಶಾಲೆಯ ಬಾಗಿಲಲ್ಲಿ ಹಿಂದೆಗೆಯುವುದು ನ್ಯಾಯವಲ್ಲ. ಗರ್ಭ ನಿಲ್ಲಲೆಂದು ಎಲ್ಲರಿಗೂ ಪ್ರೊಜೆಸ್ಟೆರೋನ್ ಕೊಡುವ ರೂಢಿಗೆ ೨೦೧೫ರಲ್ಲಿ ಪ್ರಕಟವಾದ, ೮೩೬ ಹೆಂಗಸರ ಮೇಲಿನ ಪ್ರಯೋಗವು ಬೆಂಬಲ ನೀಡಲಿಲ್ಲ. ಹಿಂದೆ ನಷ್ಟವಾಗಿದ್ದು ಈಗಿನ ಗರ್ಭದಲ್ಲಿ ರಕ್ತ ಕಾಣಿಸಿಕೊಂಡವರಿಗೆ ಮಾತ್ರ ಅದರಿಂದ ಉಪಕಾರವಾಗಬಹುದೆಂದು ೨೦೧೯ರ ಇನ್ನೊಂದು ಪ್ರಯೋಗದಿಂದ ತೋರಿತು. ಎಷ್ಟು ಹುಡುಕಿದರೂ ಕಾರಣ ಸಿಗದ ದಂಪತಿಗಳು ಅನೇಕರು. ಅವರಲ್ಲಿಯೂ ಹೆಚ್ಚಿನವರಿಗೆ ಮುಂದೆ ಮಗುವಾಗುತ್ತದೆ.

ಹೀಗೆ ನೋಡಿದಾಗ ನೀರಿನಲ್ಲಿ ಕಲ್ಲನ್ನು ಮುಳುಗಿಸಿಡುವ ಆರು ತಿಂಗಳು, ತಜ್ಞರ ಸಮಾಲೋಚನೆಯ ಆರು ತಿಂಗಳು, ಇವೆರಡರ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ. ನಮ್ಮ ಪೂರ್ವಿಕರು ವಿಜ್ಞಾನವನ್ನು ಮೊದಲೇ ಕಂಡಿದ್ದರೆಂದು ಉತ್ಸಾಹಿಗಳು ಇದರಿಂದ ಸಾಧಿಸಹೊರಟಾರು. ಅದು ಸಲ್ಲದು, ತಜ್ಞರ ಆ ಸಂಖ್ಯೆಯೇ ಗಟ್ಟಿಯಾಗಿ ನಿಂತಿಲ್ಲವೆಂಬುದನ್ನು ಈಗಷ್ಟೇ ಕಂಡೆವು. ಆಚಾರದ ಉಪಯೋಗ ಬೇರೆ ಕಡೆ ಇದ್ದಿತೆಂದು ನಾವು ತಿಳಿಯುತ್ತೇವೆ. ಕಲ್ಲು ನೀರಿನಲ್ಲಿರುವವರೆಗೆ ‘ಇನ್ನೂ ಏನೂ ಇಲ್ಲವೇ’ ಎಂದು ಸೊಸೆಯನ್ನು ಕೇಳುವಂತಿರಲಿಲ್ಲ. ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು. ಕಾಯುವ ಕಾಲಕ್ಕೆ ಒಂದು ಹೆಸರೂ ಕೆಲಸವೂ ಇದ್ದವು. ವೈದ್ಯರ ಚೀಟಿಯ ಮೇಲಿನ ‘ಮೂರು ತಿಂಗಳ ಬಳಿಕ ಬನ್ನಿ’ ಎಂಬ ಮಾತಿಗೆ ಮನೆಯೊಳಗೆ ಅಂಥ ಕಾವಲು ಇರುವುದಿಲ್ಲ.

ಕಾನೂನಿನಲ್ಲಿ ಒಂದು ಕಾವಲಿದೆ. ಅದು ಹೆಚ್ಚು ಜನರಿಗೆ ತಿಳಿದಿಲ್ಲ. ೧೯೬೧ರ ಹೆರಿಗೆ ಸೌಲಭ್ಯ ಕಾಯಿದೆಯು ಗರ್ಭ ನಷ್ಟವಾದ ದುಡಿಯುವ ಹೆಂಗಸಿಗೆ ಮರುದಿನದಿಂದ ಆರು ವಾರಗಳ ಸಂಬಳಸಹಿತ ರಜೆಯನ್ನು ಕೊಟ್ಟಿತ್ತು. ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯು ಆ ಹಳೆಯ ಕಾಯಿದೆಯ ಸ್ಥಾನವನ್ನು ಪಡೆದು, ಈ ಆರು ವಾರಗಳನ್ನು ಉಳಿಸಿಕೊಂಡಿದೆ. ಇದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ‘ಹೋಯಿತು’ ಎಂದು ಮರೆಮಾಚಿ, ಹೊಟ್ಟೆನೋವೆಂದು ಎರಡು ದಿನದ ರಜೆ ಬರೆದು, ಮೂರನೆಯ ದಿನ ಬೆಳಗಿನ ಪಾಳಿಗೆ ಹೊರಡುವವಳಿಗೆ ಆ ಪತ್ರವನ್ನು ಕೇಳಿ ಪಡೆಯಬೇಕೆಂದು ಹೇಳುವವರು ಬೇಕಾಗಿದ್ದಾರೆ. ಪತ್ರದಲ್ಲಿ ಗರ್ಭವು ತಾನಾಗಿ ನಷ್ಟವಾಯಿತೆಂಬುದೂ, ಅದು ಎಷ್ಟನೆಯ ವಾರದಲ್ಲಿ ಎಂಬುದೂ ಸ್ಪಷ್ಟವಾಗಿ ಬರೆದಿರುವಂತೆ ನೋಡಿಕೊಳ್ಳಬೇಕು. ರಜೆಗೆ ಅದು ಬೇಕಾಗುವುದು ಒಂದು. ಮುಂದಿನ ಗರ್ಭದ ಕಾಲಕ್ಕೆ ಬೇರೊಬ್ಬ ವೈದ್ಯರ ಮುಂದೆ ಕುಳಿತಾಗ ಅವರು ಮೊದಲು ಕೇಳುವುದೂ ಅದನ್ನೇ.